ಹದಿನೆಂಟು ನಿಮಿಷದ ಕ್ಯಾಮೆರಾ

ಕಾಂತರಾಜನ ತಾಪತ್ರಯಕ್ಕೆಲ್ಲ ಕಾರಣ ಅವನ ಹಳೇ ಕ್ಯಾಮೆರಾದ ಷಟರು. ನಾಲ್ಕು ಸಲ ಗುಂಡಿ ಒತ್ತಿದರೆ ಮೂರು ಸಲ ‘ಟಕ್’ ಎನ್ನುತ್ತಿತ್ತು. ನಾಲ್ಕನೆಯ ಸಲ, ಹಬ್ಬಕ್ಕೆ ಬಂದು ಮುನಿಸಿಕೊಂಡ ಅಳಿಯನ ಹಾಗೆ ತುಟಿ ಬಿಚ್ಚುತ್ತಿರಲಿಲ್ಲ. ಚಿನ್ನದ ಗಣಿಯ ಊರಾದ ಊರಿಗಾಮಿನ ಅವನ ಪುಟ್ಟ ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಫೋಟೋಗೆ ಕೂತವರಿಗೆ ‘ಇನ್ನೊಂದ್ಸಲ, ಕಣ್ಣು ಮುಚ್ಚಿದ್ರಿ’ ಎಂದು ತಪ್ಪನ್ನು ಅವರ ಮೇಲೇ ಹೊರಿಸಬಹುದಿತ್ತು. ಹಾಗೆ ಹೊರಿಸಿದ ದಿನ ಕಾಂತರಾಜನಿಗೆ ಊಟ ಇಳಿಯುತ್ತಿರಲಿಲ್ಲ ಎನ್ನುವುದು ಬೇರೆ ಮಾತು. ಆದರೆ ಮದುವೆಯಲ್ಲಿ ಏನು ಮಾಡುವುದು? ಮದುಮಗನಿಗೆ ‘ಇನ್ನೊಂದ್ಸಲ ತಾಳಿ ಕಟ್ಟಿ’ ಎನ್ನಲಾಗುತ್ತದೆಯೇ?

ಬರುವ ಭಾನುವಾರ ಬಂಗಾರಪೇಟೆ ಪಕ್ಕದ ಹಳ್ಳಿಯ ಜಯರಾಮಪ್ಪನ ಮಗಳು ಕಲ್ಪನಳ ಮದುವೆ. ಈ ವರ್ಷ ಕಾಂತರಾಜನಿಗೆ ಒದಗಿದ್ದ ಒಂದೇ ಒಂದು ದೊಡ್ಡ ಕೆಲಸ. ಜಯರಾಮಪ್ಪ ಮೊದಲೇ ಹೇಳಿಬಿಟ್ಟಿದ್ದ: “ನೋಡಪ್ಪ, ಫೋಟೋನೂ ಬೇಕು, ವಿಡಿಯೋನೂ ಬೇಕು. ಒಳ್ಳೆ ಕ್ಯಾಮೆರಾ ತಂದ್ರೆ ನೀನು, ಇಲ್ದಿದ್ರೆ ಇನ್ನೊಬ್ಬ. ಆಮೇಲೆ ಬ್ಯಾಸ್ರ ಮಾಡ್ಕೋಬ್ಯಾಡ.”

ಇಂಥ ಹೊತ್ತಿನಲ್ಲಿ ತಾಲ್ಲೂಕಿನ ಫೋಟೋಗ್ರಾಫರುಗಳ ಸಂಘದವರು ವಾರ್ಷಿಕೋತ್ಸವಕ್ಕೆ ಭಾಷಣ ಸ್ಪರ್ಧೆ ಇಟ್ಟರು. ಗೆದ್ದವರಿಗೆ ಬಹುಮಾನ ಹೊಚ್ಚಹೊಸ ಹೈಬ್ರಿಡ್ ಕ್ಯಾಮೆರಾ. ಫೋಟೋ, ವಿಡಿಯೋ ಎರಡೂ ಒಂದೇ ಪೆಟ್ಟಿಗೆಯಲ್ಲಿ! ಕೊಡುವವನು ಬಂಗಾರಪೇಟೆಯ ಕ್ಯಾಮೆರಾ ಅಂಗಡಿ ಶಿವಪ್ರಸಾದ್. ವಿಷಯ: ‘ಒಂದೇ ಕ್ಯಾಮೆರಾದಲ್ಲಿ ಫೋಟೋ ಮತ್ತು ವಿಡಿಯೋ: ಏನು ಪಡೆದೆವು, ಏನು ಬಿಟ್ಟೆವು?’

ಕಾಂತರಾಜ ನಾಲ್ಕು ಪುಟ ಬರೆದ. ಹೆಂಡತಿ ಪುಷ್ಪ ಓದಿ ನೋಡಿ ‘ಏನು ಬಿಟ್ಟೆವು’ ಎಂಬ ಒಂದೂವರೆ ಪುಟದ ಮೇಲೆ ಅಡ್ಡಗೆರೆ ಎಳೆದಳು.

“ಬಹುಮಾನ ಕೊಡೋನ ಮುಂದೆ ಅವನ ಸಾಮಾನಿಗೇ ಹುಳುಕು ಏಳ್ತಾರಾ ಯಾರಾದ್ರೂ? ಒಗಳಿ, ಗೆದ್ಕೊಂಡು ಬನ್ನಿ. ನಿಮ್ಮ ಸತ್ಯ ಎಲ್ಲಾ ಮನೇಲಿಟ್ಟು ಓಗಿ. ನಾನು ನೋಡ್ಕೊಂಡಿರ್ತೀನಿ.”

ಗುರುವಾರ ಬೆಳಿಗ್ಗೆ ಮಾರಿಕುಪ್ಪಂ ರೈಲು ಊರಿಗಾಮಿಗೆ ಬಂದಾಗ ಕಾಂತರಾಜ ಇಸ್ತ್ರಿ ಮಾಡಿದ ಅಂಗಿ, ಎರಡೂವರೆ ಪುಟದ ಹೊಗಳಿಕೆ, ಅರ್ಧ ಧೈರ್ಯದೊಂದಿಗೆ ಹತ್ತಿದ. ಮುಂದಿನ ನಿಲ್ದಾಣ ಕೋರಮಂಡಲ್‌ನಲ್ಲಿ ಮುನೀಂದ್ರ ಹತ್ತಿದ. ಇವನೂ ಫೋಟೋಗ್ರಾಫರೇ. ಎದೆಯ ಮೇಲೆ ಎರಡು ಕ್ಯಾಮೆರಾ ಜೋತಾಡುತ್ತಿದ್ದವು, ಒಂದು ಫೋಟೋಗೆ, ಒಂದು ವಿಡಿಯೋಗೆ. ಮದುವೆಗಳಲ್ಲಿ ಎರಡನೆಯದನ್ನು ಹಿಡಿಯುವುದಕ್ಕೆ ಅವನ ಭಾವಮೈದುನ ಇದ್ದ.

“ಏನ್ಲಾ ಕಾಂತ, ಭಾಷಣ ಬರ್ಕಂಡೆಯಾ? ಎಲ್ಲಿ, ಕೊಡಿಲ್ಲಿ,” ಎಂದು ಕಿತ್ತುಕೊಂಡು ಓದಿದ. “ಇಷ್ಟು ಸಾಲ್ದು ಕಣ್ಲಾ. ಇನ್ನೂ ಬೆಣ್ಣೆ ಅಚ್ಚು. ವಿಡಿಯೋ ಬಗ್ಗೆ ಏಳು. ಈಗ ಫೋಟೋ ಯಾರ್ ನೋಡ್ತಾರೆ?”

“ಆಲ್ಬಂ ಎಲ್ಲರೂ ನೋಡ್ತಾರೆ,” ಎಂದ ಕಾಂತರಾಜ.

ಎದುರಿಗೆ ಕೊತ್ತಂಬರಿ ಕಟ್ಟುಗಳ ಮೇಲೆ ಕಾಲು ಚಾಚಿ ಕೂತಿದ್ದ ಹೆಂಗಸು ತಮಿಳು ಬೆರೆಸಿ ಬಾಯಿ ಹಾಕಿದಳು: “ತಂಬಿ, ಫೋಟೋ ದಾ ನಲ್ಲದು, ಫೋಟೋನೇ ವಾಸಿ. ಗೋಡೇಗೆ ತಗಲಾಕಬೋದು. ವಿಡಿಯೋನ ಎಲ್ಲಿ ತಗಲಾಕ್ತೀಯ?”

“ಏ ಅಮ್ಮಾ, ನಿಂಗೇನ್ ತಿಳೀತದೆ? ಇದು ಟೆಕ್ನಾಲಜಿ,” ಎಂದ ಮುನೀಂದ್ರ.

“ನಮ್ಮ ಊಟ್ಟುಕಾರರು, ನಮ್ಮ ಯಜಮಾನ್ರು, ಓಗಿ ಎಂಟು ವರ್ಷ ಆಚ್ಚು. ಫೋಟೋ ಐತೆ, ದಿನಾ ಹೂ ಇಡ್ತೀನಿ. ಮದ್ವೆ ಕ್ಯಾಸೆಟ್ಟೂ ಐತೆ. ಓಡ್ಸೋ ಪೆಟ್ಟಿಗೇನೇ ಇಲ್ಲ. ಈಗ ಏಳು ನಿನ್ನ ಟೆಕ್ನಾಲಜಿ!”

ಬೋಗಿ ಎರಡು ಪಕ್ಷವಾಯಿತು. ಕಾರ್ಖಾನೆಯ ಸಮವಸ್ತ್ರದವರೊಬ್ಬರು, ಕಣ್ಣಿಟ್ಟು ನೋಡುವ ಕಿಂಡಿ ಇಲ್ಲದ್ದು ಕ್ಯಾಮೆರಾವೇ ಅಲ್ಲ, ಬಿಸಿಲಲ್ಲಿ ಪರದೆ ಕಾಣುವುದಿಲ್ಲ ಎಂದರು. ಇನ್ನೊಬ್ಬರು, ಕಿಂಡಿಯಲ್ಲಿ ಕಣ್ಣಿಟ್ಟುಕೊಂಡು ನಡೆಯುತ್ತಾ ವಿಡಿಯೋ ತೆಗೆದರೆ ನೇರ ಬಾವಿಗೆ ಹೋಗುತ್ತೀಯ ಎಂದರು. ಬಂಗಾರಪೇಟೆಯಲ್ಲಿ ಇಳಿಯುವ ಹೊತ್ತಿಗೆ ಕಾಂತರಾಜನ ಭಾಷಣದ ಒಂದು ಹಾಳೆಯಲ್ಲಿ ಕೊತ್ತಂಬರಿ ಸುತ್ತಿ ಯಾರೋ ಒಯ್ದಿದ್ದರು.

ಸಭೆ ಇದ್ದದ್ದು ತಗಡಿನ ಚಾವಣಿಯ ಹಳೇ ಊಟದ ಹಾಲ್‌ನಲ್ಲಿ. ಒಳಗೆ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಂತೆ ಬಿಸಿ. ಅಧ್ಯಕ್ಷರೂ ಅವರೇ, ತೀರ್ಪುಗಾರರೂ ಅವರೇ ಆದ ಚಿಕ್ಕಮುನಿಯಪ್ಪ, ರೀಲು ಕಾಲದ ಹಿರಿಯರು, ಮೇಜಿನ ಮೇಲೆ ಹಿತ್ತಾಳೆ ಗಂಟೆ ಇಟ್ಟುಕೊಂಡು ಕೂತಿದ್ದರು. ಐದು ನಿಮಿಷ ದಾಟಿದವರಿಗೆ ಅದನ್ನು ಬಾರಿಸುವುದು. ಪಕ್ಕದಲ್ಲಿ ಸ್ಟ್ಯಾಂಡಿನ ಮೇಲೆ ಬಹುಮಾನದ ಕ್ಯಾಮೆರಾ, ಕೊರಳಿಗೆ ಮಲ್ಲಿಗೆ ಹಾರ.

ಶಿವಪ್ರಸಾದ್ ಕಾಂತರಾಜನ ಹೆಗಲ ಮೇಲೆ ಕೈ ಹಾಕಿದ. “ನೀವು ಜವಾಬ್ದಾರಿ ಮನುಷ್ಯರು. ಇಡೀ ಕಾರ್ಯಕ್ರಮ ಇದರಲ್ಲೇ ರೆಕಾರ್ಡ್ ಆಗಲಿ. ಒಂದು ಕಣ್ಣಿಟ್ಟಿರಿ, ಅಷ್ಟೆ.”

ಕಾಂತರಾಜ ಎರಡೂ ಕಣ್ಣಿಟ್ಟ. ಮೊದಲು ಮೂವರು ಮಾತಾಡಿದರು; ‘ಏನು ಪಡೆದೆವು’ ಎಂಬುದನ್ನು ಪಟ್ಟಾಗಿ ಹೇಳಿ ‘ಏನು ಬಿಟ್ಟೆವು’ ಎಂಬಲ್ಲಿ ಎಲ್ಲರೂ ನೀರು ಕುಡಿದು ಕೂತರು. ನಾಲ್ಕನೆಯವನು ಮುನೀಂದ್ರ. ಎರಡು ಕ್ಯಾಮೆರಾಗಳನ್ನೂ ಎದೆಯ ಮೇಲೆ ಹೊತ್ತುಕೊಂಡೇ, ಇನ್ನು ಮುಂದೆ ಒಂದೇ ಕ್ಯಾಮೆರಾ ಸಾಕು ಎಂದು ಸಾರಿದ.

“ಈ ಕ್ಯಾಮೆರಾ ದಣಿಯೋದಿಲ್ಲ ಸ್ವಾಮೀ! ಬೆಳಿಗ್ಗೆ ಎಣ್ಣೆ ಶಾಸ್ತ್ರಕ್ಕೆ ನಿಂತ್ರೆ ಸಂಜೆ ಹೆಣ್ಣು ಒಪ್ಪಿಸೋ ತನಕ ನಿಂತೇ ಇರ್ತದೆ!”

ಆ ಕ್ಷಣಕ್ಕೇ ಕ್ಯಾಮೆರಾದ ಪರದೆಯ ಮೇಲೆ ಜ್ವರ ನೋಡುವ ಕಡ್ಡಿಯ ಚಿತ್ರವೊಂದು ಕೆಂಪಗೆ ಮಿಟುಕಿತು. ಮಿಟುಕಿ, ಇಡೀ ಕ್ಯಾಮೆರಾ ಆರಿಹೋಯಿತು. ಕಾಂತರಾಜ ಗಡಿಯಾರ ನೋಡಿದ. ಹದಿನೆಂಟು ನಿಮಿಷ.

ತಾನೇ ಏನೋ ತಪ್ಪು ಗುಂಡಿ ಒತ್ತಿದೆನೆಂದು ಹೆದರಿದ. ಮುಟ್ಟಿ ನೋಡಿದರೆ ದೋಸೆ ಹಂಚು. ಬೇರೇನೂ ತೋಚದೆ ಉಳಿದ ಭಾಷಣದ ಹಾಳೆಗಳಿಂದ ಗಾಳಿ ಬೀಸತೊಡಗಿದ. ಬಾಣಂತಿಗೆ ಬೀಸುವ ಅತ್ತೆಯ ಹಾಗೆ ಅವನು ಬೀಸುವುದನ್ನು ಕಂಡು ಹಿಂದಿನ ಸಾಲಿನವರು ಮುಸಿಮುಸಿ ನಕ್ಕರು. ಕ್ಯಾಮೆರಾ ಕಣ್ಣು ಬಿಟ್ಟಿತು. ನಾಲ್ಕು ನಿಮಿಷ ಓಡಿ ಮತ್ತೆ ಮಲಗಿತು.

ಅವನು ಬಗ್ಗಿ ಅಧ್ಯಕ್ಷರ ಕಿವಿಯಲ್ಲಿ ಹೇಳಿದ: “ಅಣ್ಣಾ, ಇದು ಬಿಸಿ ಆಗಿ ನಿಂತೋಗ್ತಾ ಐತೆ.”

“ಮದ್ವೇಲಿ ಎಲ್ಲಾರೂ ಬಿಸಿಯಾಗೇ ಇರ್ತಾರೆ. ನೀನ್ ಸುಮ್ನಿರು,” ಎಂದರು ಚಿಕ್ಕಮುನಿಯಪ್ಪ.

“ಇದನ್ನ ನಂಬಿ ಯಾರಾದ್ರೂ ಮುಹೂರ್ತಕ್ಕೆ ಓದ್ರೆ...”

“ನಿನ್ ಸರದಿ. ಓಗು, ಒಗಳಿ ಬಾ.”

ಕಾಂತರಾಜ ಮೈಕಿನ ಮುಂದೆ ನಿಂತ. ಕೈಯಲ್ಲಿದ್ದ ಹಾಳೆಗಳು ಬೆವರಿಗೆ ಅಂಟಿ ಹಪ್ಪಳದ ಹಿಟ್ಟಾಗಿದ್ದವು. ಮೊದಲ ಸಾಲು ಮಾತ್ರ ಕಾಣುತ್ತಿತ್ತು: ‘ಈ ಅದ್ಭುತ ಕ್ಯಾಮೆರಾ...’ ಅದನ್ನು ಓದಿದ. ನಿಂತ. ಎದುರಿಗೆ ನಲವತ್ತು ಜನ ಫೋಟೋಗ್ರಾಫರುಗಳು. ಇವರಲ್ಲಿ ಹತ್ತು ಜನರಾದರೂ ನಾಳೆ ಇದನ್ನು ಕೊಳ್ಳುತ್ತಾರೆ. ಅವನಿಗೆ ಕಲ್ಪನಳ ಮದುವೆ ನೆನಪಾಯಿತು, ಪುಷ್ಪ ಎಳೆದ ಅಡ್ಡಗೆರೆ ನೆನಪಾಯಿತು. ಆಮೇಲೆ ಏನಾಯಿತೋ, ಹಾಳೆಗಳನ್ನು ಮಡಚಿ ಜೇಬಿಗೆ ತುರುಕಿಕೊಂಡ.

“ಈ ಕ್ಯಾಮೆರಾ ನನಗೆ ಬೇಕು,” ಎಂದ. “ಇಲ್ಲಿರೋರಲ್ಲಿ ನನಗಿಂತ ಜಾಸ್ತಿ ಯಾರಿಗೂ ಬೇಕಾಗಿಲ್ಲ. ಆದ್ರೂ ಹೇಳ್ತೀನಿ. ಇದರ ಫೋಟೋ ಚೆನ್ನಾಗಿದೆ. ವಿಡಿಯೋ ಹದಿನೆಂಟೇ ನಿಮಿಷ!”

ಶಿವಪ್ರಸಾದನ ನಗು ಹಲ್ಲಿನ ಮೇಲೇ ಒಣಗಿತು.

“ಹದಿನೆಂಟು ನಿಮಿಷಕ್ಕೆ ಜ್ವರ ಬಂದು ಮಲಗ್ತದೆ. ಪುರೋಹಿತರಿಗೆ ಬೇಗ ಮುಗಿಸಿ ಅಂತ ಹೇಳೋ ಧೈರ್ಯ ನಿಮ್ಮಲ್ಲಿ ಯಾರಿಗಿದೆ? ಬಿಸಿ ಆಗಬಾರದು ಅಂತ ಕ್ವಾಲಿಟಿ ಇಳಿಸಿದ್ರೆ ರೇಷ್ಮೆ ಸೀರೆ ಗೋಣಿಚೀಲ ಆಗ್ತದೆ. ಸ್ಲೋ ಮೋಷನ್ ಹಾಕಿದ್ರೆ ಚಿತ್ರದ ಅಂಚು ಕತ್ತರಿಸ್ತದೆ. ಪಕ್ಕದಲ್ಲಿ ನಿಂತ ಸೋದರತ್ತೆ ಅರ್ಧ ಕಾಣ್ತಾಳೆ. ಉಳಿದರ್ಧಕ್ಕೆ ಜವಾಬು ಯಾರು ಕೊಡ್ತೀರಿ?”

ಚಿಕ್ಕಮುನಿಯಪ್ಪ ಗಂಟೆ ಬಾರಿಸಿದರು. ಇನ್ನೂ ಎರಡು ನಿಮಿಷವೂ ಆಗಿರಲಿಲ್ಲ.

“ಬಾರಿಸಿ ಅಣ್ಣಾ, ಚೆನ್ನಾಗಿ ಬಾರಿಸಿ! ಇದರಲ್ಲಿ ಮೆಮೊರಿ ಕಾರ್ಡು ಹಾಕೋ ಜಾಗ ಒಂದೇ. ಆ ಕಾರ್ಡು ಕೆಟ್ರೆ ಮದುವೆನೇ ಆಗ್ಲಿಲ್ಲ ಅಂತ ಲೆಕ್ಕ.”

ಯಾರೋ ಮೈಕು ಆರಿಸಿದರು. ಹುಟ್ಟಿದಾಗಿನಿಂದ ಅಂಗಡಿಯಲ್ಲಿ ಚಿಲ್ಲರೆ ಕೇಳುವುದಕ್ಕೂ ಹಿಂಜರಿದವನು ಕಾಂತರಾಜ. ಆ ಕಾಂತರಾಜ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಹತ್ತಿ ನಿಂತ. ಕುರ್ಚಿ ನಾಲ್ಕು ದಿಕ್ಕಿಗೂ ಕಾಲು ಚಾಚಿತು. ಅವನು ಇಳಿಯಲಿಲ್ಲ.

“ಇಳೀರಿ, ಕುರ್ಚಿ ಬಾಡಿಗೇದು!” ಎಂದು ಶಿವಪ್ರಸಾದ್ ಕೂಗಿದ.

“ಇಳಿಯೋಲ್ಲ! ಏನು ಪಡೆದೆವು ಅಂತ ನಾಲ್ಕು ಜನ ಹೇಳಿದಾರೆ. ಏನು ಬಿಟ್ಟೆವು ಅಂತ ನಾನೊಬ್ಬ ಹೇಳ್ತೀನಿ. ಮದುವೆ ಮಾಡೋ ಯಜಮಾನರಿಗೆ ನನ್ನದೊಂದು ಮಾತು. ಇದೊಂದನ್ನೇ ಹಿಡ್ಕೊಂಡು ಬರೋನ ನಂಬಬೇಡಿ, ಅವನು ಎಷ್ಟೇ ಒಳ್ಳೆಯವನಾಗಿರ್ಲಿ! ಎರಡು ಕ್ಯಾಮೆರಾ ಇರೋನ್ನ ಕರೀರಿ, ಇಬ್ಬರು ಕೆಲಸಗಾರರು ಇರೋನ್ನ ಕರೀರಿ. ಬಹುಮಾನ ಯಾರಿಗಾದ್ರೂ ಕೊಡ್ಲಿ. ನಾನು ಹೇಳೋದು ಹೇಳ್ದೆ!”

ಒಂದು ಕ್ಷಣ ತಗಡಿನ ಮೇಲೆ ಕಾಗೆ ನಡೆದ ಸದ್ದು ಕೇಳಿಸಿತು. ಆಮೇಲೆ ಹಿಂದಿನ ಸಾಲಿನಿಂದ ಒಂದು ಶಿಳ್ಳೆ. ಅದರ ಬೆನ್ನಿಗೇ ಇಡೀ ಹಾಲ್ ಎದ್ದು ಚಪ್ಪಾಳೆ ತಟ್ಟಿತು. ‘ಹದಿನೆಂಟೇ ನಿಮಿಷ’ ಎಂದ ಕ್ಷಣದಿಂದಲೇ ನಲವತ್ತು ಕೈಗಳಲ್ಲೂ ಫೋನು ಇತ್ತು. ಎಲ್ಲರೂ ಅವನ ಭಾಷಣವನ್ನು ವಿಡಿಯೋದಲ್ಲಿ ಹಿಡಿದುಕೊಂಡಿದ್ದರು. ಮುನೀಂದ್ರನಂತೂ ಎರಡು ಕ್ಯಾಮೆರಾ ಸಾಲದೆ ಫೋನಿನಲ್ಲೂ ತೆಗೆದಿದ್ದ.

ಕಾಂತರಾಜ ಕುರ್ಚಿಯಿಂದ ಇಳಿದ. ಕ್ಯಾಮೆರಾ ಹೋಯಿತು ಎಂದುಕೊಂಡ. ಹೋಗಲಿ. ಪುಷ್ಪ ಬೈಯುತ್ತಾಳೆ. ಬೈಯಲಿ. ಎದೆ ಮಾತ್ರ ಎಂದೂ ಇಲ್ಲದಷ್ಟು ಹಗುರಾಗಿತ್ತು. ಚೀಲ ಹೆಗಲಿಗೇರಿಸಿ ಬಾಗಿಲ ಕಡೆ ಹೊರಟ.

ಅತ್ತ ವೇದಿಕೆಯ ಮೇಲೆ ಶಿವಪ್ರಸಾದ್ ಅಧ್ಯಕ್ಷರ ಕಿವಿಯಲ್ಲಿ ಬಹಳ ಹೊತ್ತು ಏನೋ ಹೇಳಿದ. ಚಿಕ್ಕಮುನಿಯಪ್ಪ ತಲೆ ತೂಗಿದರು, ಗಂಟೆ ಬಾರಿಸಿದರು.

“ಅತ್ಯುತ್ತಮ ಭಾಷಣಕಾರ... ನಮ್ಮ ಊರಿಗಾಮಿನ ಕಾಂತರಾಜು!”

ಕಾಂತರಾಜ ಹಿಂದೆ ತಿರುಗಿ ಬೇರೆ ಕಾಂತರಾಜ ಯಾರಾದರೂ ಇದ್ದಾನೆಯೇ ಎಂದು ನೋಡಿದ. ಜನ ಅವನನ್ನು ಎತ್ತಿಕೊಂಡೇ ವೇದಿಕೆಗೆ ಒಯ್ದರು. ಶಾಲು ಬಿತ್ತು. ಹಾರ ಸಮೇತ ಕ್ಯಾಮೆರಾ ಕೈಗೆ ಬಂತು. ಅವನ ಕಣ್ಣು ತುಂಬಿತು. ನಿಜ ಹೇಳಿಯೂ ಗೆಲ್ಲಬಹುದು! ಹದಿನೆಂಟು ನಿಮಿಷವಾದರೇನು, ನಡುನಡುವೆ ಆರಿಸಿ ಒದ್ದೆ ಬಟ್ಟೆ ಹಾಕಿದರಾಯಿತು. ಭಾನುವಾರದ ಮದುವೆ ತನ್ನದೇ.

ಶಿವಪ್ರಸಾದ್ ಅವನನ್ನು ಬಿಗಿಯಾಗಿ ತಬ್ಬಿಕೊಂಡು, ಫೋಟೋಗೆ ನಗುತ್ತಲೇ ಕಿವಿಯಲ್ಲಿ ಹೇಳಿದ: “ನೀವು ಬೈದ ಮೇಲೆ ಈ ತಾಲ್ಲೂಕಲ್ಲಿ ಇದನ್ನ ಯಾರ್ ಕೊಳ್ತಾರೆ ಸಾರ್? ಮುನೀಂದ್ರನಿಗೆ ಅಂತ ಇಟ್ಟಿದ್ದೆ, ಅವನೂ ಬೇಡ ಅಂದ. ನೀವೇ ಇಟ್ಕೊಳ್ಳಿ. ಮಾರೋಕೆ ಮಾತ್ರ ಹೋಗ್ಬೇಡಿ. ಹೋದ ಕಡೆಯೆಲ್ಲ ನಿಮ್ಮ ಭಾಷಣನೇ ನಿಮಗೆ ತೋರಿಸ್ತಾರೆ.”

ಅಷ್ಟರಲ್ಲಿ ಜೇಬಿನಲ್ಲಿ ಫೋನು ಗುನುಗಿತು. ಜಯರಾಮಪ್ಪ.

“ಏನಪ್ಪಾ ಕಾಂತರಾಜು! ಮುನೀಂದ್ರ ಈಗಿನ್ನೂ ನಿನ್ ಭಾಷಣ ಕಳಿಸ್ದ. ನಮ್ಮನೇಲಿ ಎಲ್ಲಾರೂ ಎರಡೆರಡು ಸಲ ನೋಡಿದ್ವಿ. ಏನ್ ಮಾತು, ಏನ್ ಧೈರ್ಯ!”

“ಅಣ್ಣಾ, ನಂಗೇ ಬಹುಮಾನ ಬಂತು,” ಎಂದ ಕಾಂತರಾಜ. “ಒಸ ಕ್ಯಾಮೆರಾ. ಫೋಟೋನೂ ಆಗ್ತದೆ, ವಿಡಿಯೋನೂ ಆಗ್ತದೆ. ಭಾನುವಾರ...”

“ಯಾವ್ದು? ಆ ಹದಿನೆಂಟು ನಿಮಿಷದ್ದಾ?”

ಕಾಂತರಾಜ ಕ್ಯಾಮೆರಾದ ಕೊರಳಿನ ಹಾರ ಸರಿಪಡಿಸಿದ.

“ನೀನ್ ಏಳಿದ್ದು ನೂರಕ್ಕೆ ನೂರು ಸತ್ಯ ಕಣಪ್ಪ. ನಮ್ಮಕ್ಕ ಅರ್ಧ ಬಂದ್ರೆ ಮದ್ವೆ ಮನೇನ ಸುಮ್ನೆ ಬಿಡ್ತಾಳಾ? ನಿನ್ ಮಾತಿನ ಮೇಲೆ ನಂಗೆ ಪೂರ್ತಿ ನಂಬ್ಕೆ. ಅದ್ಕೇ ಎರಡು ಕ್ಯಾಮೆರಾ, ಇಬ್ರು ಆಳು ಅಂತ ಮುನೀಂದ್ರನಿಗೇ ಒಪ್ಪಿಸ್ಬಿಟ್ಟೆ.”

“ಅಣ್ಣಾ, ಫೋಟೋ ಆದ್ರೂ...”

“ಬ್ಯಾಸ್ರ ಮಾಡ್ಕೋಬ್ಯಾಡ. ಭಾನುವಾರ ಮನೆಯೋರ್ನೆಲ್ಲಾ ಕರ್ಕಂಡು ಊಟಕ್ಕೆ ಬರ್ಲೇಬೇಕು. ನಿನ್ನಂಥ ನಿಯತ್ತಿನ ಮನುಷ್ಯ ಮುಂದಿನ ಸಾಲಲ್ಲಿ ಕೂತಿರ್ಬೇಕು,” ಎಂದ ಜಯರಾಮಪ್ಪ. “ಕ್ಯಾಮೆರಾ ಒಂದು ಮಾತ್ರ ತರಬ್ಯಾಡ.”