ನಾಗಮ್ಮನ ಮನೆಗೆ ನಾನು ಹೊತ್ತ ಕಲ್ಲು

ಪರೋಪಕಾರ ಮಾಡುವುದಕ್ಕಿಂತ ಪರೋಪಕಾರಿಯ ಗಂಡನಾಗಿರುವುದು ಕಷ್ಟ. ಮಾಡುವವರಿಗೆ ಪುಣ್ಯವಾದರೂ ಬರುತ್ತದೆ. ಗಂಡನಿಗೆ ಬರುವುದು ಸೊಂಟನೋವು ಮಾತ್ರ. ತೊಂಬತ್ತರ ದಶಕದಲ್ಲಿ ನಾನು ಕಲಬುರಗಿಯ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದಾಗ, ನನ್ನ ಹೆಂಡತಿ ಸುಮಿತ್ರಾ ಬಡವರಿಗೆ ಮನೆ ಕಟ್ಟಿಕೊಡುವ ಸಣ್ಣದೊಂದು ಸಂಘ ಸೇರಿದಳು. ಕಲ್ಲು, ಸಿಮೆಂಟು, ಗೋಡೆ ಕಟ್ಟುವ ಗೌಂಡಿ ಸಂಘದ್ದು. ಹೊರುವ ಕೆಲಸ ಸದಸ್ಯರದು. ಸದಸ್ಯರಲ್ಲಿ ಹೆಚ್ಚಿನವರು ನಿವೃತ್ತ ಶಿಕ್ಷಕಿಯರಾದ್ದರಿಂದ, ಹೊರುವ ಕೆಲಸ ಅವರ ಗಂಡಂದಿರದು.

ಹೀಗೆ ಒಂದು ಭಾನುವಾರ ನಿದ್ದೆಯ ಆಸೆ ಬಿಟ್ಟು ಸುಮಿತ್ರಾಳ ಜೊತೆ ಬೀದರ ಕಡೆಯ ಬಸ್ಸು ಹಿಡಿದು ಕಮಲಾಪುರದಲ್ಲಿ ಇಳಿದೆ. ಅಲ್ಲಿಯ ಕೆಂಪು ಬಾಳೆಹಣ್ಣು ತಿನ್ನಬಹುದು ಎಂಬುದೊಂದೇ ಸಮಾಧಾನ. ನಾವು ಕಟ್ಟಬೇಕಾಗಿದ್ದದ್ದು ನಾಗಮ್ಮನೆಂಬ ವಿಧವೆಯ ಮನೆ. ಹಿಂದಿನ ಮಳೆಗಾಲದಲ್ಲಿ ಮಣ್ಣಿನ ಮಾಳಿಗೆ ಕುಸಿದಾಗ ಆಕೆ ತನ್ನಿಬ್ಬರು ಹೆಣ್ಣುಮಕ್ಕಳನ್ನು ಹೇಗೋ ಹೊರಗೆಳೆದುಕೊಂಡಿದ್ದಳು. ಅಂದಿನಿಂದ ಮೂವರೂ ಅಳಿದುಳಿದ ಗೋಡೆಗೆ ತಗಡು ಆನಿಸಿಕೊಂಡು ಬದುಕುತ್ತಿದ್ದರು. ನೀರು ಕುಡಿಯಲು ಒಳಗೆ ಹೋದ ನನ್ನ ತಲೆ ತಗಡಿಗೆ ಬಡಿಯಿತು. "ನಮಗ ಬಗ್ಗಿ ಅಡ್ಡಾಡೋದು ರೂಢಿ ಆಗ್ಯದರೀ ಸರ," ಎಂದು ನಾಗಮ್ಮ ನಕ್ಕಳು. ನನಗೆ ನಗು ಬರಲಿಲ್ಲ.

ಅಡಿಪಾಯಕ್ಕೆ ಕಲ್ಲು ಇಳಿಸುತ್ತಿದ್ದಾಗ ಆಕೆಯ ಭಾವ, ಗಂಡನ ಅಣ್ಣ ಗುಂಡಪ್ಪ ಬಂದ. "ಮನಿ ನನ್ನ ಹೆಸರಿಲೆ ಆಗ್ಲಿ. ಹೆಣ್ಣಮಗಳ ಹೆಸರಿಲೆ ಮನಿ ಇದ್ರ ಮಂದಿ ಏನಂತಾರ?" ಎಂದ. ಎಲ್ಲರೂ ನನ್ನ ಮುಖ ನೋಡಿದರು. ಆಸ್ತಿಯ ಹಕ್ಕಿನ ಬಗ್ಗೆ ತರಗತಿಯಲ್ಲಿ ಗಂಟೆಗಟ್ಟಲೆ ಮಾತಾಡಿದವನು ನಾನು. ಈಗ ಮಾತ್ರ ಕೈಯಲ್ಲಿದ್ದ ಕಲ್ಲನ್ನು ಇನ್ನಷ್ಟು ಗಟ್ಟಿಯಾಗಿ ಅಪ್ಪಿಕೊಂಡು, ಭಾರಕ್ಕೆ ಮಾತು ಹೊರಡದವನಂತೆ ನಿಂತೆ.

ನಾಗಮ್ಮ ಸೆರಗು ಸರಿಮಾಡಿಕೊಂಡಳು. "ಮಾಳಿಗಿ ನಮ್ಮ ಮ್ಯಾಲ ಬೀಳೋವಾಗ ಯಾರ ಹೆಸರಿಲೆ ಅದ ಅಂತ ಕೇಳಿ ಬಿತ್ತೇನ್ರೀ ಭಾವ? ಅವತ್ತ ನೀವು ಬಂದು ನಮ್ಮನ್ನ ಎತ್ತಿದ್ದರ ಮಾತು ಬ್ಯಾರೆ ಇತ್ತು."

ಸುಮಿತ್ರಾ ದನಿಗೂಡಿಸಿದಳು: "ಆಕಿ ಹೆಸರಿಲೆ ಆದ್ರ ಕಲ್ಲು ಇಲ್ಲಿರ್ತಾವ. ಇಲ್ಲಾಂದ್ರ ಎಲ್ಲಾ ತುಂಬಿಕೊಂಡು ಗಾಡಿ ಹೊಳ್ಳಿ ಹೋಗ್ತದ." ತುಂಬುವವನು ಯಾರೆಂದು ನನಗೆ ತಿಳಿದಿತ್ತಾದ್ದರಿಂದ, ಆ ಬೆದರಿಕೆಗೆ ಅಲ್ಲಿ ಎಲ್ಲರಿಗಿಂತ ಹೆಚ್ಚು ಹೆದರಿದವನು ನಾನೇ. ಗುಂಡಪ್ಪ ಹೆಗಲ ಮೇಲಿನ ಟವಲು ಕೊಡವಿ ಹೊರಟುಹೋದ. ಛಾವಣಿ ಹಾಕುವ ದಿನ ಮಾತ್ರ ತಾನಾಗಿಯೇ ಬಂದು ಬುಟ್ಟಿ ಹೊತ್ತ.

ಹೊಸ ಮನೆ ಹೊಕ್ಕ ದಿನ ನಾಗಮ್ಮ ನಮಗೆಲ್ಲ ಹುಗ್ಗಿ ಬಡಿಸಿದಳು. ಮಕ್ಕಳಿಬ್ಬರೂ ಬಾಗಿಲಿನ ಚಿಲಕ ಹಾಕುವುದು, ತೆಗೆಯುವುದು, ಮತ್ತೆ ಹಾಕುವುದು. ಅವರಿಗೆ ಸಾಕೆನಿಸಲೇ ಇಲ್ಲ.

"ನಿಮ್ಮ ಸ್ವಂತ ಮನಿ ಎಲ್ಲಿ ಅದರೀ ಸರ?" ಎಂದು ಕೇಳಿದಳು ನಾಗಮ್ಮ.

"ನಮ್ದು ಬಾಡಿಗಿ ಮನಿ," ಎಂದೆ.

ಆಕೆಯ ಸೌಟು ಗಾಳಿಯಲ್ಲೇ ನಿಂತಿತು. "ಅಯ್ಯ ಶಿವನೇ! ಇಷ್ಟು ದಿನ ಹೇಳಬಾರದೇನ್ರೀ? ಮುಂದ ಕಟ್ಟೋದು ಸರ ಮನೀನೇ ಆಗ್ಲಿ. ಕಲ್ಲು ಹೊರಾಕ ನಾ ಬರ್ತೀನಿ."

ಸಂಘದವರೆಲ್ಲ ನಕ್ಕರು. ಆಕೆ ನಗಲಿಲ್ಲ. ನನ್ನ ತಟ್ಟೆಗೆ ಇನ್ನೊಂದು ಸೌಟು ಹುಗ್ಗಿ ಹಾಕಿ, ಮೇಲೆ ತುಪ್ಪ ಸುರಿದಳು. ಮನೆಯಿಲ್ಲದವನೆಂಬ ಮರುಕಕ್ಕೆ ಸುರಿದ ತುಪ್ಪ ಅದೆಂದು ನನಗೆ ಗೊತ್ತಿತ್ತು. ಆದರೂ ಬೇಡವೆನ್ನಲಿಲ್ಲ, ಹುಗ್ಗಿ ಬಲು ರುಚಿಯಾಗಿತ್ತು.