ಸದ್ದು ಬದಲಾದರೆ ಮಿದುಳಿಗೆ ಗೊತ್ತಾಗುತ್ತದಂತೆ

ಜನರ ತಲೆಗೆ ತಂತಿ ಹಚ್ಚಿ ಏನನ್ನಾದರೂ ಅಳೆಯಲು ಹೋದರೆ, ಅಳತೆ ಸಿಗುವ ಮೊದಲು ಒಂದು ಎಡವಟ್ಟು ಆಗಿಯೇ ತೀರುತ್ತದೆ. ನನಗೆ ಈಗ ರೂಢಿಯಾಗಿದೆ.

ಮನಃಶಾಸ್ತ್ರದಲ್ಲಿ ಎಂ.ಎ. ಮಾಡಿ, ಬೇರೆ ಕೆಲಸ ಸಿಗದೆ ಒಂದು ಸಂಶೋಧನೆಗೆ ಸೇರಿಕೊಂಡವಳು ನಾನು. ಕೆಲಸ ಇಷ್ಟೇ. ತಂತಿಗಳಿರುವ ಟೋಪಿಯನ್ನು ತಲೆಗೆ, ಹೆಡ್‌ಫೋನನ್ನು ಕಿವಿಗೆ ಹಾಕಬೇಕು. ಎದುರಿಗೆ ಸದ್ದಿಲ್ಲದ ಸಿನಿಮಾ ಹಚ್ಚಬೇಕು. ಹೆಡ್‌ಫೋನಿನಲ್ಲಿ ‘ಟುಕ್ ಟುಕ್ ಟುಕ್’ ಎಂದು ಒಂದೇ ಸದ್ದು. ನಡುವೆ ಯಾವಾಗಲೋ ಒಮ್ಮೆ ‘ಟಿಕ್’. ಕೂತವರು ಸಿನಿಮಾದಲ್ಲಿ ಮುಳುಗಿದ್ದರೂ ಸದ್ದು ಬದಲಾದದ್ದನ್ನು ಮಿದುಳು ತಾನಾಗಿಯೇ ಗುರುತಿಸುತ್ತದೆ, ಕಂಪ್ಯೂಟರಿನ ಗೆರೆಯಲ್ಲಿ ಅದು ಕಾಣುತ್ತದೆ ಎಂದು ನಮ್ಮ ಪ್ರೊಫೆಸರರು ಹೇಳುತ್ತಾರೆ. ಅವರು ಹೇಳುವುದನ್ನೆಲ್ಲ ನಂಬುವ ಅಭ್ಯಾಸ ನನಗಿಲ್ಲ.

ಸಹಾಯಕಿ

ನಮ್ಮ ಜೊತೆ ಊರೂರು ತಿರುಗಲು ಸಹಾಯಕಿಯಾಗಿ ಬಂದವಳು ಮಾಗಳ ಎಂಬ ಊರಿನ ಒಂದು ಮನೆಯ ಸೊಸೆ. ನರ್ಸಿಂಗ್ ಓದಿದ್ದಾಳೆ. ಹಡಗಲಿಯ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಿದೆ, ಬರುವ ಸೋಮವಾರ ಸೇರಬೇಕು. ಅಡ್ಡಿ ಒಂದೇ, ಸೊಂಟದ ಮೇಲಿನ ಕೂಸು. ಅದನ್ನು ನೋಡಿಕೊಳ್ಳಬೇಕಾದ ಅತ್ತೆಗೆ, ಕೆಲಸ ಸಿಕ್ಕ ಸುದ್ದಿ ಬಂದ ದಿನದಿಂದಲೇ ಕಿವಿ ಕೇಳಿಸುತ್ತಿಲ್ಲ.

“ಕೂಸು ಅತ್ರ ನನಗ ತಿಳಿಯಂಗಿಲ್ಲ ಅಂತಾರ್ರಿ ಮೇಡಂ. ಅವ್ರನ್ನ ಒಂದು ಸಲ ನಿಮ್ಮ ಮಿಷನ್ನಿಗೆ ಕುಂದ್ರಸ್ರಿ. ಖರೇ ಏನು, ಸುಳ್ಳೇನು ಗೊತ್ತಾಗ್ತತಿ.”

“ಇದು ಸುಳ್ಳು ಹಿಡಿಯೋ ಯಂತ್ರ ಅಲ್ಲಮ್ಮ.”

ಅವಳು ಟೋಪಿಯನ್ನು ತಿರುಗಿಸಿ ಮುರುಗಿಸಿ ನೋಡಿದಳು. “ಮತ್ತ ಇಷ್ಟು ತಂತಿ ಯಾಕದಾವ್ರಿ?”

ಎಣ್ಣೆ

ಕೊಟ್ಟೂರಿನ ಹತ್ತಿರದ ಹಳ್ಳಿ. ಮೊದಲ ದಿನ ಬಂದವರೆಲ್ಲ ತಲೆಗೆ ಧಾರಾಳವಾಗಿ ಎಣ್ಣೆ ಹಚ್ಚಿ, ನೀಟಾಗಿ ಬಾಚಿಕೊಂಡು ಬಂದಿದ್ದರು. ಹೊರಗಿನವರು ತಲೆ ನೋಡುತ್ತಾರೆಂದರೆ ತಯಾರಾಗಿ ಬರಬೇಕಲ್ಲ. ಎಣ್ಣೆಯ ಮೇಲೆ ನಮ್ಮ ತಂತಿ ಹಿಡಿಯುವುದಿಲ್ಲ. ನಾಳೆ ತಲೆ ತೊಳೆದು ಎಣ್ಣೆಯಿಲ್ಲದೆ ಬನ್ನಿ ಎಂದೆ.

ಒಬ್ಬ ಹಿರಿಯರು ಎದ್ದು ನಿಂತರು. “ಎಣ್ಣಿ ಇಲ್ದ ಹೊರಗ ಬರಾಕ ನಮ್ಮ ಮನ್ಯಾಗ ಯಾರು ಸತ್ತಾರ್ರಿ?”

ಸಹಾಯಕಿ ಹೇಗೋ ಒಪ್ಪಿಸಿದಳು. ಮರುದಿನ ಶಾಲೆಯ ಕಟ್ಟೆಯ ಮೇಲೆ ಒಣ ತಲೆಯ ಗಂಡಸರು ಸಾಲಾಗಿ, ಮುಖ ಇಳಿಬಿಟ್ಟುಕೊಂಡು ಕೂತಿದ್ದರು. ಅದೇ ಹೊತ್ತಿಗೆ ಬಸ್ಸಿಳಿದ ನೆಂಟರೊಬ್ಬರು ಆ ಸಾಲು ನೋಡಿ ಗಾಬರಿಯಾಗಿ, ಹೆಗಲ ಟವೆಲ್ಲು ಬಾಯಿಗೊತ್ತಿಕೊಂಡು ಓಡಿ ಬಂದರು. “ಯಾವಾಗ ಆತೋ? ಒಂದು ಫೋನರ ಹಚ್ಚಬಾರ್ದೇನು?”

ಹಿರಿಯರು ನನ್ನ ಕಡೆ ಗದ್ದ ತಿರುವಿದರು. “ಇನ್ನೂ ಆಗಿಲ್ಲ. ಈಯಮ್ಮ ಒಬ್ಬೊಬ್ಬರನ್ನ ಒಳಗ ಕರೀತಾಳಂತ. ನೋಡೂಣು.”

ಪಾಸು

ಕೂಡ್ಲಿಗಿಯಲ್ಲಿ ಒಬ್ಬ ಗೃಹಸ್ಥನಿಗೆ, ಸದ್ದಿನ ಕಡೆ ಲಕ್ಷ್ಯ ಕೊಡಬೇಡಿ, ಸುಮ್ಮನೆ ಸಿನಿಮಾ ನೋಡಿ ಎಂದೆ. ಅವನ ಕಣ್ಣು ಸಣ್ಣದಾಯಿತು. ಅಷ್ಟು ದೂರದಿಂದ ಸದ್ದು ಹೊತ್ತು ತಂದು, ಕಿವಿಗೇ ಇಟ್ಟು, ಕೇಳಬೇಡ ಎನ್ನುವವರನ್ನು ನಾನಾದರೂ ನಂಬುತ್ತಿರಲಿಲ್ಲ.

ಸಿನಿಮಾ ಬಿಟ್ಟು ಪ್ರತಿ ‘ಟಿಕ್’ಗೂ ಗೋಣು ಹಾಕತೊಡಗಿದ. ತಲೆ ಅಲ್ಲಾಡಿದಂತೆ ಗೆರೆಗಳೆಲ್ಲ ಹಾಳು. ನಡುನಡುವೆ ಕಿಟಕಿಯ ಕಡೆ ನೋಡುತ್ತಿದ್ದ. ನಾನೂ ನೋಡಿದೆ. ಹೊರಗೆ ಅವನ ಹೆಂಡತಿಯ ತಮ್ಮ ನಿಂತು ನಾಲ್ಕು ಬೆರಳು ತೋರಿಸುತ್ತಿದ್ದ.

“ಸದ್ದು ಇವರ ಕಿವಿಯಲ್ಲಿದೆ. ನಿಮಗೆ ಅಲ್ಲಿ ಹೇಗೆ ಕೇಳಿಸ್ತು?” ಎಂದೆ.

“ಕೇಳ್ಸಿಲ್ರಿ. ಎಸ್ಸೆಸ್ಸೆಲ್ಸಿಯಾಗೂ ಮಾಮಾಗ ಹಿಂಗ ಕಿಟಕ್ಯಾಗಿಂದ ನಾನ ಹೇಳ್ಕೊಟ್ಟಿದ್ನಿ.”

“ಪಾಸಾದರೇ?”

“ಎಲ್ಲಿ ಪಾಸ್ರಿ! ಅದಕ್ಕ ಈ ಸಲ ಬಿಡಬಾರ್ದಂತ ಬಂದೀನಿ.”

ಲಯ

ಹರಪನಹಳ್ಳಿಯಿಂದ ಕಳಿಸಿದ ಗೆರೆಗಳನ್ನು ನೋಡಿ ಪ್ರೊಫೆಸರರು ತಾವಾಗಿ ಫೋನ್ ಮಾಡಿದರು. “ಈ ಭಾಗದವರ ಮಿದುಳಿನಲ್ಲಿ ಒಂದು ವಿಶೇಷ ಲಯ ಇದೆ. ಎಲ್ಲರಲ್ಲೂ ಒಂದೇ! ಮಧ್ಯಾಹ್ನ ಮಾತ್ರ ಸ್ವಲ್ಪ ಹೊತ್ತು ನಿಲ್ಲುತ್ತದೆ. ಇದರ ಮೇಲೆ ಬರೆಯಲೇಬೇಕು.”

“ಬರೀರಿ ಸರ್. ಆದರೆ ನಮ್ಮ ಕೋಣೆಯ ಗೋಡೆಗೆ ಅಂಟಿಕೊಂಡೇ ಮೆಕ್ಕೆಜೋಳದ ಗಿರಣಿ ಇದೆ. ಮಧ್ಯಾಹ್ನ ಗಿರಣಿಯವರು ಮೋಟರ್ ನಿಲ್ಲಿಸಿ ಊಟಕ್ಕೆ ಹೋಗ್ತಾರೆ.”

ಆ ಕಡೆ ಪ್ರೊಫೆಸರರು ಫೋನ್ ಇಟ್ಟರು. ಈ ಕಡೆ ಸಹಾಯಕಿ ಕೂಸಿನ ಬಾಯಿಂದ ತಂತಿ ಬಿಡಿಸುತ್ತ ಹೇಳಿದಳು: “ನಮ್ಮತ್ತಿನ್ನ ಮಾತ್ರ ಇಲ್ಲಿ ಕುಂದ್ರಸಬ್ಯಾಡ್ರಿ. ಗಿರಣಿ ಹೋಗಿ ಅವ್ರ ಪರವಾಗಿ ಸಾಕ್ಷಿ ಹೇಳ್ತತಿ.”

ಅತ್ತೆ

ಕೊನೆಗೆ ಮಾಗಳ. ಸೋಮವಾರಕ್ಕೆ ಎರಡೇ ದಿನ ಉಳಿದಿತ್ತು. ಅತ್ತೆ ತಾವೇ ನಡೆದುಬಂದರು. ಬರದಿದ್ದರೆ ಹೆದರಿದಳು ಎನ್ನುತ್ತಾರಲ್ಲ. ಸೊಸೆ ಕಿವಿಯ ಹತ್ತಿರ ಬಾಯಿಟ್ಟು, ಓಣಿಗೆಲ್ಲ ಕೇಳುವಂತೆ ಎಲ್ಲ ವಿವರಿಸಿದಳು. ಅತ್ತೆ ಒಪ್ಪಿದರು. ಟೋಪಿ ಹಾಕಿದೆ, ಹೆಡ್‌ಫೋನ್ ಇಟ್ಟೆ, ಸಿನಿಮಾ ಹಚ್ಚಿದೆ. ಕಲ್ಲಿನ ಹಾಗೆ ಕೂತರು. ‘ಟಿಕ್’ ಬಂದರೂ ರೆಪ್ಪೆ ಅಲ್ಲಾಡಲಿಲ್ಲ.

ಸೊಸೆ ನನ್ನ ಬೆನ್ನ ಹಿಂದೆ ಪಿಸುಗುಟ್ಟಿದಳು. “ಏನ್ ಬಂತ್ರಿ?”

“ಎಲ್ಲ ಮುಗಿದ ಮೇಲೆ ಲೆಕ್ಕ ಹಾಕಬೇಕು. ಹಾಕಿದರೂ ಒಬ್ಬರದ್ದು ಇನ್ನೊಬ್ಬರಿಗೆ ಹೇಳುವಂತಿಲ್ಲ.”

“ಅಂದ್ರ ನಾನು ಈ ಕೂಸು ಕಟ್ಕೊಂಡು ಊರೂರು ತಿರಿಗಿದ್ದು ದಂಡನ?”

ಅವಳು ಕೂಸನ್ನೆತ್ತಿಕೊಂಡು ಬಾಗಿಲಿಗೆ ಹೋಗಿ, ನೀಲಗುಂದದಲ್ಲಿರುವ ತನ್ನ ತಾಯಿಗೆ ಫೋನ್ ಹಚ್ಚಿದಳು. ಸೋತ ದನಿ, ಬಹಳ ಮೆಲ್ಲಗೆ. “ಯವ್ವಾ, ಅತ್ತಿ ಕೈಲೆ ಆಗಂಗಿಲ್ಲಂತ. ನೀನ ಬಂದು ಇಲ್ಲೇ ಇದ್ದುಬಿಡು. ಕೂಸೂ ನೋಡ್ಕ, ಅಡಿಗಿ ಮನಿನೂ ನೋಡ್ಕ.”

ಪರದೆಯ ಮೇಲಿನ ಗೆರೆಗಳೆಲ್ಲ ಒಮ್ಮೆಲೇ ಮೇಲಕ್ಕೆ ಹಾರಿದವು. ಕರೆಂಟಿನ ದೋಷವಿರಬೇಕೆಂದು ಪ್ಲಗ್ಗು ನೋಡಿದೆ. ಪ್ಲಗ್ಗು ಸರಿಯಿತ್ತು. ಅತ್ತೆ ಎದ್ದು ನಿಂತಿದ್ದರು. ಹೆಡ್‌ಫೋನ್ ಇನ್ನೂ ಕಿವಿಯಲ್ಲೇ ಇತ್ತು.

“ಯಾರು? ಆ ನೀಲಗುಂದದಾಕಿ? ನನ್ನ ಅಡಿಗಿ ಮನ್ಯಾಗ? ನನ್ನ ಮೊಮ್ಮಗನ್ನ ಅಕಿ ಆಡ್ಸಾಕ ನಾನೇನು ಸತ್ತೀನೇನ? ಕೊಡಿಲ್ಲಿ ಕೂಸು! ನೀ ಸೋಮವಾರ ನಿನ್ನ ದವಾಖಾನಿಗಿ ಹೋಗು!”

ಕೂಸು ಕೈ ಬದಲಾಯಿಸಿತು. ಸೊಸೆ ಬಾಯಿ ತೆರೆದು ನಿಂತಿದ್ದಳು. ಅವಳ ಫೋನಿನಿಂದ ‘ಹಲೋ, ಹಲೋ’ ಎಂಬ ದನಿ ಬರುತ್ತಲೇ ಇತ್ತು. ಸೋಮವಾರ ಅವಳು ಡ್ಯೂಟಿಗೆ ಹೋದಳು.

ಪ್ರೊಫೆಸರರು ಗೆರೆ ನೋಡಿ ಫೋನ್ ಮಾಡಿದರು. “ಈ ಹೆಂಗಸಿನದ್ದು ಒಂದು ಕಡೆ ಪರದೆ ದಾಟಿ ಹೋಗಿದೆಯಲ್ಲ! ಇಷ್ಟು ದೊಡ್ಡ ಪ್ರತಿಕ್ರಿಯೆ ನಾನು ಎಲ್ಲೂ ಕಂಡಿಲ್ಲ. ಯಾವ ಸದ್ದಿಗೆ ಬಂತು? ಟುಕ್‌ಗೋ, ಟಿಕ್‌ಗೋ?”

“ಬೀಗಿತ್ತಿಗೆ, ಸರ್.”