ಕೋದಂಡಪ್ಪ ಮೇಷ್ಟ್ರ ಎಂಬತ್ತು ದಿನದ ವೇಳಾಪಟ್ಟಿ

ಪರೀಕ್ಷೆಗೆ ಓದಬೇಕಾದರೆ ಮೊದಲು ಪುಸ್ತಕ ಬೇಕು ಎಂದು ಸಾಮಾನ್ಯ ಜನ ತಿಳಿದಿರುತ್ತಾರೆ. ಚಿನ್ನದ ಗಣಿಯ ಊರು ರಾಬರ್ಟ್‌ಸನ್‌ಪೇಟೆಯ ಕೋದಂಡಪ್ಪ ಮೇಷ್ಟ್ರು ಬಿ.ಎ. ಮಾಡಿದವರು. ಅವರ ಪ್ರಕಾರ ಮೊದಲು ಬೇಕಾದದ್ದು ವೇಳಾಪಟ್ಟಿ.

೧೯೬೩ರ ಏಪ್ರಿಲ್ ತಿಂಗಳು. ಬೆಂಗಳೂರಿನ ಒಂದು ಲಾ ಕಾಲೇಜು ಆ ವರ್ಷ ಪ್ರವೇಶ ಪರೀಕ್ಷೆ ಇಟ್ಟಿತ್ತು. ಪರೀಕ್ಷೆಗೆ ಉಳಿದದ್ದು ಎಂಬತ್ತು ದಿನ. ಅರ್ಜಿ ತಲುಪಲು ಕೊನೆಯ ದಿನ ಬರುವ ಬುಧವಾರ. ಅರ್ಜಿಯ ಜೊತೆ ಕೆಲಸದಲ್ಲಿರುವವರು ಮೇಲಧಿಕಾರಿಯ ಒಪ್ಪಿಗೆ ಪತ್ರ ಇಡಬೇಕಿತ್ತು. ಹೆಡ್‌ಮಾಸ್ಟರ್ ಮುನಿನಾರಾಯಣಪ್ಪನವರನ್ನು ಅದಕ್ಕಾಗಿ ಕೇಳಿ ಹದಿನೈದು ದಿನವಾಗಿತ್ತು. "ನೋಡೋಣ" ಎಂದವರು ಇನ್ನೂ ನೋಡುತ್ತಲೇ ಇದ್ದರು.

ಕೋದಂಡಪ್ಪನವರಿಗೆ ಲಾಯರಾಗುವ ಆಸೆ ಸುಮ್ಮನೆ ಹುಟ್ಟಿದ್ದಲ್ಲ. ಹನ್ನೊಂದು ವರ್ಷದಿಂದ ಏಳನೇ ಕ್ಲಾಸಿನಲ್ಲಿ ಅದೇ ನದಿಗಳನ್ನು ಅದೇ ಸಮುದ್ರಕ್ಕೆ ಸೇರಿಸಿ ಸೇರಿಸಿ ಅವರಿಗೆ ಸಾಕಾಗಿತ್ತು.

ಭಾನುವಾರ ಬೆಳಿಗ್ಗೆ ಕಾಫಿ ಕುಡಿದವರೇ ವಠಾರದ ಜಗುಲಿಯ ಮೇಲೆ ಚಾಪೆಯಗಲದ ಡ್ರಾಯಿಂಗ್ ಹಾಳೆ ಹಾಸಿ, ಕೆಂಪು ಮಸಿ, ನೀಲಿ ಮಸಿ, ರೂಲುದೊಣ್ಣೆ ಜೋಡಿಸಿಕೊಂಡು ಬೋರಲು ಬಿದ್ದರು.

ಹೆಂಡತಿ ಗಂಗರತ್ನಮ್ಮ ಲೋಟ ತೆಗೆದುಕೊಳ್ಳಲು ಬಂದವರು ನಿಂತು ನೋಡಿದರು.

"ಇಷ್ಟೊತ್ತಿಗೆ ನಾಕು ಪುಟ ಓದಿರಬೋದಾಗಿತ್ತು."

"ಪ್ಲಾನ್ ಇಲ್ದೆ ಓದೋದಂದ್ರೆ ಅಡಿಪಾಯ ಇಲ್ದೆ ಮನೆ ಕಟ್ಟಿದಂಗೆ."

"ಬಾಡಿಗೆ ಮನೇಲಿರೋರಿಗೆ ಅಡಿಪಾಯದ ಯೋಚನೆ ಯಾಕ್ರೀ?" ಎಂದು ಆಕೆ ಒಳಗೆ ಹೋದರು.

ಮೇಷ್ಟ್ರು ಕೆಂಪು ಮಸಿಯಲ್ಲಿ 'ಬೆಳಿಗ್ಗೆ ೪ರಿಂದ ೬: ಇಂಗ್ಲಿಷ್' ಎಂದು ಬರೆಯುವಷ್ಟರಲ್ಲಿ ಹಾಳೆಯ ಮೇಲೆ ನೆರಳು ಬಿತ್ತು. ಎದುರುಮನೆಯ ರಾಮಚಂದ್ರಪ್ಪ. ಕೋರ್ಟಿನ ಬಾಗಿಲಲ್ಲಿ ಮೂವತ್ತು ವರ್ಷ ಕಕ್ಷಿಗಾರರ ಹೆಸರನ್ನು ಮೂರು ಮೂರು ಸಲ ಕೂಗಿ ನಿವೃತ್ತರಾದವರು. ಬಾಗಿಲ ಒಳಗೆ ಕೂತ ಜಡ್ಜಿಗಿಂತ ಬಾಗಿಲಲ್ಲಿ ನಿಂತ ತಮಗೇ ಕಾನೂನು ಹೆಚ್ಚು ಗೊತ್ತು ಎಂಬುದು ಅವರ ತೀರ್ಪು.

"ಇಂಗ್ಲಿಷ್ ಯಾಕೆ ಮೇಷ್ಟ್ರೇ? ಲಾ ಅಂದ್ರೆ ಗಂಟಲು! ನಾಕರಿಂದ ಐದು ಗಂಟಲು ಸಾಧನೆ ಅಂತ ಬರ್ಕಳಿ. ನಾನೇ ಬಂದು ಕೂಗುಸ್ತೀನಿ."

ಮೂವತ್ತು ವರ್ಷದ ಅನುಭವಕ್ಕೆ ಎದುರಾಡುವುದು ಹೇಗೆ? ಮೇಷ್ಟ್ರು ಇಂಗ್ಲಿಷನ್ನು ಐದಕ್ಕೆ ತಳ್ಳಿದರು.

"ನಾಕು ಗಂಟೇಗೆ ಕೂಗಿದ್ರೆ ಆರು ಗಂಟೇಗೆ ಮನೆ ಖಾಲಿ ಮಾಡುಸ್ತೀನಿ!" ವಠಾರದ ಒಡತಿ ವರಲಕ್ಷ್ಮಮ್ಮ ಸೆರಗು ಸಿಕ್ಕಿಸಿಕೊಂಡು ಬಂದೇಬಿಟ್ಟರು. "ಐದಕ್ಕೇನು ಇಂಗ್ಲಿಷು? ಐದಕ್ಕೆ ನಲ್ಲೀಲಿ ಬೇತಮಂಗಲದ ಕೆರೆ ನೀರು ಬತ್ತದೆ. ನಿಮ್ಮನೆ ಸರದಿ ಯಾರು ಇಡೀತಾರೆ? ಲಾಯರಾದೋರು ಸ್ನಾನ ಮಾಡಲ್ವಾ?"

ಹೇಳುತ್ತ ಹೇಳುತ್ತ ಆಕೆ ತಿರುಗಿದ ರಭಸಕ್ಕೆ ಸೆರಗು ಬೀಸಿ ನೀಲಿ ಮಸಿ ಕುಡಿಕೆ ಹಾಳೆಯ ಮೇಲೆ ಉರುಳಿತು. ಜೂನ್ ಮೊದಲ ವಾರ ಪೂರ್ತಿ ಕೆರೆಯಾಯಿತು. ಮೇಷ್ಟ್ರು ಎದೆಗುಂದಲಿಲ್ಲ. ಮುಳುಗಿದ ದಿನಗಳ ಸುತ್ತ ಅಂದವಾಗಿ ಅಂಚು ಎಳೆದು 'ಪುನರಾವರ್ತನೆ' ಎಂದು ಬರೆದರು.

ಗಲಾಟೆಗೆ ಪಕ್ಕದ ಮನೆಯ ಆರುಮುಗಂ ಕಣ್ಣುಜ್ಜಿಕೊಂಡು ಬಂದ. ಗಣಿಯಲ್ಲಿ ನೈಟ್ ಶಿಫ್ಟ್ ಮುಗಿಸಿ ಆಗಷ್ಟೇ ಮಲಗಿದ್ದ.

"ಸಾರ್, ನೀವು ಲಾಯರಾಗಿ, ನಂಗೆ ಸಂತೋಸ. ಆದ್ರೆ ಬೆಳಗ್ಗೆ ಏಳರಿಂದ ಬಾಯಿಬಿಟ್ಟು ಓದಬೇಡಿ ಸಾರ್, ಗೋಡೆ ತೆಳು. ಆರರಿಂದ ಏಳು ನಂಗೆ ಅರ್ಜಿ ಬರ್ದುಕೊಡೋದು ಅಂತ ಆಕ್ಬುಡಿ. ಅದೂ ಒಂದು ಪ್ರಾಕ್ಟೀಸು ತಾನೆ?"

ಅದನ್ನೂ ಹಾಕಿದರು. ಯಾರ ಹೊತ್ತೂ ಇನ್ನೊಬ್ಬರ ಹೊತ್ತಿನ ಮೇಲೆ ಬೀಳದಂತೆ, ಗಂಟಲು ಸಾಧನೆಯನ್ನು ವರಲಕ್ಷ್ಮಮ್ಮ ದೇವಸ್ಥಾನಕ್ಕೆ ಹೋಗುವ ಸಂಜೆಗೆ, ಮೌನಪಠಣವನ್ನು ಆರುಮುಗಂ ಗೊರಕೆಯ ಹೊತ್ತಿಗೆ ಹೊಂದಿಸಿದರು. ಮಧ್ಯಾಹ್ನದ ಹೊತ್ತಿಗೆ ಹಾಳೆ ಮದುವೆ ಚಪ್ಪರದಂತೆ ಕಂಗೊಳಿಸಿತು. ಗಂಗರತ್ನಮ್ಮ ಊಟಕ್ಕೆ ಕರೆಯಲು ಬಂದು ಬಗ್ಗಿ ನೋಡಿದರು.

"ಎಲ್ಲಾ ಚೆನ್ನಾಗೈತೆ. ಇದ್ರಾಗೆ ಓದೋದು ಎಲ್ಲೈತೆ?"

ಮೇಷ್ಟ್ರು ಬೆರಳಿಟ್ಟು ಹುಡುಕಿದರು. ಮಂಗಳವಾರ ಮತ್ತು ಶುಕ್ರವಾರ ಇಪ್ಪತ್ತು ಇಪ್ಪತ್ತು ನಿಮಿಷ ಸಿಕ್ಕಿತು.

ಓದಿನ ಮಾತು ಎದ್ದಾಗ ಅರ್ಜಿಯ ಮಾತೂ ಎದ್ದಿತು. ಒಪ್ಪಿಗೆ ಪತ್ರವೇ ಇನ್ನೂ ಬಂದಿಲ್ಲ ಎಂದು ವಠಾರಕ್ಕೆಲ್ಲ ತಿಳಿಯಿತು. ರಾಮಚಂದ್ರಪ್ಪ ತೊಡೆ ತಟ್ಟಿದರು.

"ಬರೀ ಬಾಯಿಮಾತಿಗೆ ಯಾರು ಬಗ್ತಾರೆ? ದಾಖಲೆ ತೋರುಸ್ಬೇಕು! ಈ ಹಾಳೆ ಎತ್ಕಳಿ. ಈವತ್ತೇ ಬಂಗಾರಪೇಟೆಗೆ, ಹೆಡ್‌ಮಾಸ್ಟರ ಮನೆಗೇ ಓಗೋಣ. ನಿಮ್ಮ ಶ್ರದ್ಧೆ ನೋಡಿ ನಿಂತಲ್ಲೇ ಸೈನ್ ಆಕ್ತಾರೆ."

"ನಾನೂ ಬತ್ತೀನಿ. ಎಂಗೂ ನಿದ್ದೆ ಕೆಟ್ಟೋಯ್ತು," ಎಂದ ಆರುಮುಗಂ.

ಮಾರಿಕುಪ್ಪಂ ಕಡೆಯಿಂದ ಬಂದ ರೈಲಿನಲ್ಲಿ ಕೂರಲು ಜಾಗವಿರಲಿಲ್ಲ. ಸುರುಳಿ ಸುತ್ತಿದ ಹಾಳೆ ಮೊದಲು ಒಬ್ಬರ ಟೋಪಿ ಕೆಡವಿತು. ಆಮೇಲೆ ಒಬ್ಬಾಕೆಯ ಟೊಮೇಟೊ ಬುಟ್ಟಿಗೆ ತಿವಿಯಿತು. ಕೊನೆಗೆ ಬಿಚ್ಚಿಕೊಂಡು ಇಡೀ ಡಬ್ಬಿಗೆ ದರ್ಶನ ಕೊಟ್ಟಿತು. ಕೆಂಪು ಗೆರೆ, ನೀಲಿ ಗೆರೆ, 'ಹಂತ ಒಂದು', 'ಹಂತ ಎರಡು' ನೋಡಿದ ದಪ್ಪ ಮೀಸೆಯವರೊಬ್ಬರು ಹುಬ್ಬು ಗಂಟಿಕ್ಕಿದರು.

"ಇದು ಗಣಿ ನಕ್ಸೆ ಅಲ್ವಾ? ಎಲ್ಲಿಗೆ ಸಾಗುಸ್ತಾ ಇದೀರಿ?"

"ಅಯ್ಯೋ, ಇಲ್ಲ ಸಾಮಿ," ಎಂದು ಆರುಮುಗಂ ಮುಂದೆ ಬಂದ. "ನಕ್ಸೆಗಿಕ್ಸೆ ಏನೂ ಅಲ್ಲ. ನಾನು ಗಣಿ ಒಳಗೆ ಕೆಲ್ಸ ಮಾಡ್ತೀನಿ, ಅಷ್ಟೇ."

ಅದುವರೆಗೆ ಒಬ್ಬರಿಗಿದ್ದ ಅನುಮಾನ ಡಬ್ಬಿಗೆಲ್ಲ ಹರಡಿತು. ಬಂಗಾರಪೇಟೆ ಬರುವವರೆಗೂ ಮೇಷ್ಟ್ರು ಗೆರೆ ಗೆರೆಯನ್ನೂ ಓದಿ ವಿವರಿಸಬೇಕಾಯಿತು. ನಲ್ಲಿ ನೀರಿನ ಸಾಲು ಬಂದಾಗಲಷ್ಟೇ ಮೀಸೆಯವರಿಗೆ ನಂಬಿಕೆ ಬಂದದ್ದು.

ಹೆಡ್‌ಮಾಸ್ಟರ್ ಮುನಿನಾರಾಯಣಪ್ಪನವರು ಆರಾಮಕುರ್ಚಿಯಿಂದ ಎದ್ದು, ನೆಲದ ಮೇಲೆ ಹಾಸಿದ ಹಾಳೆಯ ಮುಂದೆ ಮಂಡಿಯೂರಿ ಕನ್ನಡಕ ಹಾಕಿಕೊಂಡರು. ಬೆರಳಿಟ್ಟು ಒಂದೊಂದೇ ಸಾಲು ಓದಿದರು.

"ಇದನ್ನ ನೀವೇ ಮಾಡಿದ್ರಾ?"

"ಹೌದು ಸಾರ್."

"ಒಂದೇ ದಿನದಲ್ಲಿ?"

"ಬೆಳಿಗ್ಗೆಯಿಂದ ಮಧ್ಯಾಹ್ನಕ್ಕೆ ಸಾರ್," ಎಂದು ರಾಮಚಂದ್ರಪ್ಪ ಸಾಕ್ಷಿ ನುಡಿದರು.

"ಇಷ್ಟೊಂದು ಜನ! ಒಬ್ಬರ ಹೊತ್ತು ಇನ್ನೊಬ್ಬರದಕ್ಕೆ ಎಲ್ಲೂ ತಾಗಿಲ್ವಲ್ರೀ!" ಎಂದರು ಹೆಡ್‌ಮಾಸ್ಟರು. ಎದ್ದು ಒಳಗೆ ಹೋಗಿ ಒಂದು ಲಕೋಟೆ ತಂದರು. "ನಿಮ್ಮ ಒಪ್ಪಿಗೆ ಪತ್ರ. ನೀವು ಕೇಳಿದ ದಿನಾನೇ ಸೈನ್ ಮಾಡಿಟ್ಟಿದ್ದೆ. ಕೊಡೋದು ಮರ್ತೇ ಹೋಗಿತ್ತು, ನಾಳೆ ಕೊಡೋಣ ಅಂತಿದ್ದೆ."

ಕೋದಂಡಪ್ಪನವರ ಕಣ್ಣು ತುಂಬಿತು. ಕೈ ಚಾಚಿದರು.

"ನಿಜ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ," ಹೆಡ್‌ಮಾಸ್ಟರು ಲಕೋಟೆಯನ್ನು ಎದೆಗೊತ್ತಿಕೊಂಡರು. "ನೀವು ಯಾವ ಕೆಲಸಕ್ಕೂ ಬಾರದೋರು ಅಂತ ತಿಳ್ಕೊಂಡಿದ್ದೆ. ತೊಲಗಿದ್ರೆ ಸ್ಕೂಲಿಗೆ ಒಳ್ಳೇದು ಅಂತ ಸಂತೋಷವಾಗೇ ಸೈನ್ ಹಾಕಿದ್ದೆ. ಎಂಥಾ ತಪ್ಪು ಮಾಡಿಬಿಡ್ತಿದ್ದೆ!"

ಪತ್ರ ನಾಲ್ಕು ಚೂರಾಯಿತು.

"ಹದಿನೆಂಟು ಜನ ಮೇಷ್ಟ್ರು ಪೀರಿಯಡ್ಡಿಗೋಸ್ಕರ ವರ್ಷಾವರ್ಷ ನನ್ನ ಪ್ರಾಣ ಹಿಂಡ್ತಾರೆ. ಸ್ಕೂಲಿನ ಟೈಮ್‌ಟೇಬಲ್ ಇನ್ಮೇಲೆ ನಿಮ್ಮದೇ ಜವಾಬ್ದಾರಿ. ಬೇಸಿಗೆ ರಜ ಪೂರ್ತಿ ಬಂದು ಕೂತ್ಕೊಳ್ಳಿ. ನಿಮ್ಮಂಥೋರನ್ನ ನಾನು ರಿಟೈರ್ ಆಗೋ ತನಕ ಎಲ್ಲಿಗೂ ಬಿಡಲ್ಲ!"

ಸಂಜೆ ಮೇಷ್ಟ್ರು ಬರಿಗೈಯಲ್ಲಿ ಮನೆಗೆ ಬಂದರು. ಹಾಳೆಯನ್ನು ಹೆಡ್‌ಮಾಸ್ಟರು ಮಾದರಿಗೆಂದು ಇಟ್ಟುಕೊಂಡಿದ್ದರು. ಗಂಗರತ್ನಮ್ಮ ಬಾಗಿಲಲ್ಲೇ ಕಾದಿದ್ದರು.

"ಹೋದ ಕೆಲ್ಸ ಏನಾಯ್ತು? ಹೆಡ್‌ಮಾಸ್ಟರು ಏನಂದ್ರು?"

ಮೇಷ್ಟ್ರು ಚಪ್ಪಲಿ ಬಿಟ್ಟು ಹೊಸ್ತಿಲ ಮೇಲೆ ಕುಸಿದು ಕೂತರು.

"ನಾನು ಬುದ್ಧಿವಂತ ಅಂತ ಗೊತ್ತಾಗೋಯ್ತಂತೆ ಕಣೇ," ಎಂದರು.